ಅಂಚಿನ ಅಳತೆ

ಬುಧವಾರ ಸಂಜೆ ನಾವು ಏಳು ಹೆಂಗಸರು, ಒಂದು ಗ್ರಂಥ.
ಲೆಸೊಥೊದ ಈ ಗುಡ್ಡದ ನೆತ್ತಿಯಲ್ಲಿ ತಗಡಿನ ಸಭೆಮನೆ;
ಗಾಳಿ ಎದ್ದರೆ ಮಾಡು ತಾನೇ ಆಮೆನ್ ಅನ್ನುತ್ತದೆ.
ಓದುವವಳು ನಾನು. ಮೂವತ್ತೊಂದು ವರ್ಷ ಮಕ್ಕಳಿಗೆ ಓದಿಸಿದವಳು,
ಅಲ್ಪವಿರಾಮಕ್ಕೂ ಉಸಿರು ಕೊಟ್ಟು ಓದುತ್ತೇನೆ.
ಉಳಿದವರು ಕಂಬಳಿ ಹೊದ್ದು
ಬೆರಣಿಯ ಕೆಂಡಕ್ಕೆ ಅಂಗೈ ಕಾಯಿಸುತ್ತ ಕೇಳುತ್ತಾರೆ.

ಆ ಸಲ ಬಂದದ್ದು ಒಂದು ಸಣ್ಣ ಕಟ್ಟಳೆ:
ಹೊಲದ ಅಂಚಿಗೆ ಕುಡುಗೋಲು ಹಾಕಬೇಡ,
ಇಲ್ಲದವರು ಬರುತ್ತಾರೆ.
ನಾನಾಗಲೇ ಮುಂದಿನ ಸಾಲಿಗೆ ಹೋಗಿದ್ದೆ.
"ನಿಲ್ಲು," ಅಂದಳು ಮೊಲಿಯೆಹಿ. "ಎಷ್ಟು ಅಗಲ?"

ಹುಡುಕಿದೆ. ಹಿಂದಿನ ಪುಟ, ಮುಂದಿನ ಪುಟ.
ಗುಡಾರದ ಪರದೆಗೆ ಅಳತೆ ಇದೆ,
ಪೆಟ್ಟಿಗೆಗೆ ಮೊಳ, ಕಂಬಕ್ಕೆ ಮೊಳ,
ಪ್ರಳಯದಲ್ಲಿ ತೇಲಿದ ನಾವೆಗೂ ಮೊಳದ ಲೆಕ್ಕವಿದೆ.
ಅಂಚಿಗೆ ಇಲ್ಲ.

"ಒಂದು ಹೆಜ್ಜೆ ಇರಬೇಕು," ಎಂದಳು ಖೌಹೆಲೊ. ಅವಳದು ಚಿಕ್ಕ ಹೊಲ.
"ಯಾರ ಹೆಜ್ಜೆ? ನಿನ್ನದೋ, ನಿನ್ನ ಗಂಡನದೋ?"
ಗಂಡ ಚಿನ್ನದ ಗಣಿಗೆ ಹೋಗಿ ಒಂದೇ ಕಾಲಲ್ಲಿ ಮರಳಿದವನು;
ಎಲ್ಲರಿಗಿಂತ ಜೋರಾಗಿ ಖೌಹೆಲೊಳೇ ನಕ್ಕಳು.
"ಹಾಸಿದ ಕಂಬಳಿಯ ಅಗಲ."
"ಹಕ್ಕಿ ತಿಂದದ್ದು ಲೆಕ್ಕಕ್ಕುಂಟೋ?"
"ಕದ್ದರೆ? ಕದ್ದದ್ದನ್ನು ಕೊಟ್ಟದ್ದು ಅಂತ ಬರೆದುಕೊಳ್ಳಬಹುದೋ?"
ಮೂರು ಬುಧವಾರ ಹೀಗೇ ಕಳೆಯಿತು.
ನಾನು ಪೆನ್ಸಿಲು ಚೂಪು ಮಾಡಿ
ಎಲ್ಲವನ್ನೂ ಪುಟದ ಅಂಚಿನಲ್ಲಿ ಬರೆದುಕೊಂಡೆ,
ಅಂಚು ತುಂಬುವವರೆಗೆ.

ನಾಲ್ಕನೆಯ ಬುಧವಾರ ಮೊಲಿಯೆಹಿ ಬರಲಿಲ್ಲ. ಜೋಳದ ಕೊಯ್ಲು.
ಇಳಿಜಾರಿನಲ್ಲಿ ಅವಳ ಹೊಲ, ದಾರಿಯಿಂದಲೇ ಕಂಡಿತು:
ನಡುವೆ ಬೋಳು ಕೂಳೆ, ಸುತ್ತ
ಕೆಂಪು ತೆನೆಯ ಬೇಲಿ ಹಾಗೇ ನಿಂತಿದೆ.
ಒಂದು ಕಡೆ ಮೂರು ಸಾಲು, ಒಂದು ಕಡೆ ಐದು,
ದಾರಿಯ ಬದಿಗೆ ಹತ್ತೋ ಹನ್ನೊಂದೋ.
"ಅಳತೆ ಸಿಕ್ಕಿತೇ?" ಎಂದೆ.
"ಎಲ್ಲಿಯ ಅಳತೆ! ಕೊಯ್ಯುತ್ತ ಬಂದೆ.
ಇನ್ನೊಂದು, ಇನ್ನೊಂದು ಅಂತ ಕೈ ಎಲ್ಲಿ ಆಸೆಪಟ್ಟಿತೋ
ಅಲ್ಲಿ ಕುಡುಗೋಲು ಕೆಳಗಿಟ್ಟೆ."
ಬೆನ್ನೂ ನೋಯುತ್ತಿತ್ತು, ಎಂದು ಸೇರಿಸಿದಳು.

ಓದು ಬಾರದವಳು.
ಗ್ರಂಥವನ್ನು ತಲೆಕೆಳಗಾಗಿ ಕೊಟ್ಟರೆ
ತಲೆಕೆಳಗಾಗಿಯೇ ಎದೆಗೊತ್ತಿಕೊಳ್ಳುವವಳು.

ನನ್ನ ಹೊಲದ ಕೊಯ್ಲು ವಾರದ ಹಿಂದೆಯೇ ಮುಗಿದಿತ್ತು,
ಮೂಲೆಮೂಲೆಗೂ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ.
ಮನೆಗೆ ಬಂದು ಪುಟ ತೆರೆದೆ.
ಅಂಚು ಎಂಬ ಪದದ ಕೆಳಗೆ ಎರಡು ಗೆರೆ,
ನಾಲ್ಕೂ ಬದಿಗೆ ನನ್ನದೇ ಅಕ್ಷರ, ನೊಣ ಕೂರಲೂ ಜಾಗವಿಲ್ಲ.
ಪರದೇಶಿಯೊಬ್ಬ ಬಂದರೆ ಎಲ್ಲಿ ಕೂರುತ್ತಾನೆ?

ಕತ್ತಲಾದ ಮೇಲೆ ಚೀಲದಿಂದ ಎರಡು ಬೋಗುಣಿ ಜೋಳ ಅಳೆದೆ
(ಅಳೆದೆ, ಹೌದು; ಎರಡನೆಯದರ ತಲೆ ಸವರಿ ಸಮ ಮಾಡಿದೆ)
ದಾರಿಬದಿಯ ಚಪ್ಪಟೆ ಕಲ್ಲಿನ ಮೇಲೆ ಸುರಿದೆ.
ಯಾರೂ ನೋಡದಿರಲಿ ಎಂದುಕೊಂಡೆ,
ಯಾರಾದರೂ ನೋಡಿದರೂ ಆದೀತು ಎಂದೂ.
ಬೆಳಗಾಗುವಷ್ಟರಲ್ಲಿ ಪಾರಿವಾಳಗಳು ಕಲ್ಲು ತೊಳೆದಿಟ್ಟಿದ್ದವು.
ಮೊಲಿಯೆಹಿಗೆ ಹೇಳಿದೆ. ನಕ್ಕು ನಕ್ಕು ನೆಲಕ್ಕೆ ಕುಸಿದಳು.
"ತೆನೆಯಲ್ಲಿದ್ದಿದ್ದರೆ ಅವಕ್ಕೂ ಚೂರು ಕೆಲಸವಿರುತ್ತಿತ್ತು, ಟೀಚರಮ್ಮ."

ಜೂನಿನಲ್ಲಿ ಹಿಮ ಬಿದ್ದ ಒಂದು ಮುಂಜಾನೆ
ಅವಳ ಹೊಲದ ಪಕ್ಕ ಹಾದೆ.
ದಾರಿಬದಿಯ ಸಾಲುಗಳಲ್ಲಿ ತೆನೆಯಿಲ್ಲ, ಬರೀ ದಂಟು.
ಕಿತ್ತದ್ದಲ್ಲ, ಕತ್ತಿಯಿಂದ ಸಾವಧಾನವಾಗಿ ಕೊಯ್ದದ್ದು.
ಹಿಮದ ಮೇಲೆ ಬರಿಗಾಲಿನ ಗುರುತು, ಸಣ್ಣದು;
ಪಕ್ಕದಲ್ಲಿ ಇನ್ನೂ ಸಣ್ಣದು.
ಹಿಂಬಾಲಿಸಿದ್ದರೆ ಯಾರ ಮನೆಯೆಂದು ತಿಳಿಯುತ್ತಿತ್ತು.
ನಾಲ್ಕು ಹೆಜ್ಜೆ ಹೋದೆ.
ಇನ್ನೊಂದು, ಇನ್ನೊಂದು ಅನ್ನುತ್ತಿತ್ತು ಕಾಲು.
ಅಲ್ಲಿ ನಿಂತೆ.

ಆ ಬುಧವಾರದ ಓದಿಗೆ ಪೆನ್ಸಿಲು ಮರೆತು ಹೋದೆ.
ನೆನಪಿಟ್ಟುಕೊಂಡು ಮರೆತೆ.